ಕಣ್ತಪ್ಪು, ಕೈತಪ್ಪು

ನಮ್ಮ ಮುದ್ರಣಾಲಯದಲ್ಲಿ ತಪ್ಪಿಗೆ ಎರಡು ಹೆಸರಿದ್ದವು. ಅಕ್ಷರ ಜೋಡಿಸುವವರದು ಕೈತಪ್ಪು. ಕರಡು ತಿದ್ದುವವರದು ಕಣ್ತಪ್ಪು. ಮೂವತ್ತೊಂದು ವರ್ಷ ಕರಡು ತಿದ್ದಿದ ನನಗೆ ಎರಡನೆಯದು ಒಮ್ಮೆಯೂ ಅಂಟಿರಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಜೋಡಿಸುತ್ತಿದ್ದವಳು ನನ್ನ ತಮ್ಮನ ಮಗಳು. ತಮ್ಮ ತೀರಿಕೊಂಡ ಮೇಲೆ ಆ ಕುರ್ಚಿಯನ್ನು ಅವಳಿಗೆ ಕೊಡಿಸಿದವನೂ ನಾನೇ.

ಆ ಬೆಳಿಗ್ಗೆ ಯಜಮಾನರು ಸಂಘವೊಂದರ ಸ್ಮರಣ ಸಂಚಿಕೆಯನ್ನು ನನ್ನ ಮೇಜಿನ ಮೇಲೆ ಎಸೆದರು. ಮುಖಪುಟದಲ್ಲಿ ಅಧ್ಯಕ್ಷರ ನಗುಮುಖ; ಅದರಡಿ ದಪ್ಪಕ್ಷರದಲ್ಲಿ ‘ದನಶೂರ’.

“ಒಂದು ಇಳಿ ಹಾರಿಹೋಯ್ತು ಅಷ್ಟೇ, ದಾನಶೂರ ಹೋಗಿ ದನಶೂರ! ದಿನಕ್ಕೆಷ್ಟು ಹಾಲು ಕೊಡ್ತೀರಿ ಅಂತ ಜನ ಅವರನ್ನ ಕೇಳ್ತಿದಾರಂತೆ, ಮೇಷ್ಟ್ರೇ. ನಗಬೇಡ್ರೋ ಅಲ್ಲಿ!”

ಯಂತ್ರದ ಬಳಿ ನಿಂತವರು ಮುಖ ತಿರುಗಿಸಿಕೊಂಡರು.

“ಕ್ಷಮಾಪಣೆ ಚೀಟಿ ಅಚ್ಚಾಗ್ಬೇಕು. ಕೈತಪ್ಪೋ ಕಣ್ತಪ್ಪೋ, ನೀವೇ ಬರೀರಿ. ಯಾರದು ಅಂತ ಬರುತ್ತೋ ಅವರು ನಾಳೆಯಿಂದ ಬರೋದು ಬೇಡ.”

“ಬರೀ ‘ತಪ್ಪು’ ಅಂದ್ರೆ ಆಗಲ್ವಾ?”

“ಬರೀ ತಪ್ಪು ಅಂದ್ರೆ ನನ್ನ ತಪ್ಪು ಅಂತಾಗುತ್ತೆ.”

ಯಾರದೆಂದು ನನಗೆ ಗೊತ್ತಿತ್ತು. ಅವಳು ಸರಿಯಾಗಿಯೇ ಜೋಡಿಸಿದ್ದಳು. ನನ್ನ ಮಬ್ಬುಗಣ್ಣಿಗೆ ಆ ಇಳಿ ಹೆಚ್ಚಾಗಿ ಬಿದ್ದ ಗೀಟಿನಂತೆ ಕಂಡಿತ್ತು. ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೆ. “ದೊಡ್ಡಪ್ಪಾ, ಇದು ಬೇಕಲ್ವಾ?” ಎಂದು ಅವಳು ಕೇಳಿದಾಗ, “ಕಾಗುಣಿತ ನನಗೇ ಕಲಿಸ್ತೀಯೇನೇ?” ಎಂದು ಗದರಿದ್ದೆ. ಅಚ್ಚಾದೊಡನೆ ಕರಡುಗಳು ರದ್ದಿಗೆ ಹೋಗುವುದು ನಮ್ಮಲ್ಲಿ ರೂಢಿ. ಆ ಹಾಳೆಯೂ ಹೋಗಿತ್ತು.

ಚೀಟಿಯಲ್ಲಿ ‘ಕೈತಪ್ಪಿನಿಂದಾಗಿ’ ಎಂದು ಬರೆದು ಅವಳ ಮುಂದಿಟ್ಟೆ. ಓದಿ ತಲೆಯೆತ್ತಿದಳು.

“ಹೊಡೆದಿದ್ದು ನೀವಲ್ವಾ, ದೊಡ್ಡಪ್ಪಾ?”

“ಎಲ್ಲಿದೆ, ತೋರಿಸು.”

“ಮನೇಲಿ ದುಡಿಯೋಳು ನಾನೊಬ್ಬಳೇ. ಅಮ್ಮನ ಸ್ಥಿತಿ ನಿಮಗೆ ಗೊತ್ತಿಲ್ದಿರೋದಾ?”

“ನಿನಗಿನ್ನೂ ವಯಸ್ಸಿದೆ, ಬೇರೆ ಕಡೆ ಸಿಗುತ್ತೆ. ಈ ಕಣ್ಣಿಟ್ಕೊಂಡು ನನಗೆ ಯಾರೇ ಕೆಲಸ ಕೊಡ್ತಾರೆ? ಜೋಡಿಸು.”

ಅವಳ ಬೆರಳುಗಳು ಕೀಲಿಗಳ ಮೇಲೆ ತಡೆತಡೆದು ನಡೆದವು. ಕರಡು ಬಂತು. ಕಿಟಕಿಯ ಬೆಳಕಿಗೆ ಹಿಡಿದು, ಮೂಗಿಗೆ ತಾಗುವಷ್ಟು ಹತ್ತಿರ ತಂದು ಓದಿದೆ.

‘ಕಣ್ತಪ್ಪಿನಿಂದಾಗಿ’ ಎಂದಿತ್ತು.

ಎದುರಿಗೆ ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು. ನನ್ನ ಕಣ್ಣು ಇನ್ನೊಂದೇ ಒಂದು ಸಲ ತಪ್ಪಲೆಂದು ಬೇಡುತ್ತಿದ್ದಳು.

ಎಷ್ಟೋ ತಿಂಗಳಿಂದ ಯಾವ ಅಕ್ಷರವೂ ನನಗೆ ಅಷ್ಟು ನಿಚ್ಚಳವಾಗಿ ಕಂಡಿರಲಿಲ್ಲ. ‘ಕಣ್’ ಹೊಡೆದು, ಅಂಚಿನಲ್ಲಿ ‘ಕೈ’ ಎಂದು ದುಂಡಗೆ ಬರೆದೆ.

“ಇನ್ನೊಂದ್ಸಲ ಜೋಡಿಸಮ್ಮಾ,” ಎಂದೆ. “ನೋಡ್ಕೊಂಡು.”

ಅವಳು ಹಾಳೆ ತೆಗೆದುಕೊಂಡು ಹೋದಳು. ಈ ಬಾರಿ ತಿದ್ದಲು ಏನೂ ಇರಲಿಲ್ಲ.