ಟೈಟ್ ಎಂಡ್ ಪರಶುರಾಮ

ಪರಶುರಾಮನನ್ನು ಮೊದಲ ಸಲ ನೋಡಿದವರೆಲ್ಲ ಇವನು ಕಬಡ್ಡಿಗೆ ಹೇಳಿ ಮಾಡಿಸಿದ ಹುಡುಗ ಅನ್ನುತ್ತಿದ್ದರು. ಅವನ ಆಟ ನೋಡಿದವರು ಯಾರೂ ಹಾಗೆ ಅನ್ನುತ್ತಿರಲಿಲ್ಲ. ಬಾಗಿಲಿಗೆ ತಲೆ ತಾಗುವ ಎತ್ತರ, ಬಾಗಿಲು ತುಂಬುವ ಎದೆ, ತೆಂಗಿನಕಾಯಿ ಅಡಗಿಹೋಗುವಂಥ ಅಂಗೈ, ಎಲ್ಲ ಇತ್ತು. ಆದರೆ ಎದುರಾಳಿಯ ಬೆರಳು ಪಕ್ಕೆಗೆ ತಾಗಿದರೆ ಸಾಕು, ಅವನಿಗೆ ಕಚಗುಳಿ. ಹಿಡಿದವನನ್ನು ಬಿಟ್ಟು, ಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಅಂಕಣದಲ್ಲೇ ಮುದುಡಿ ಬಿದ್ದು ನಗುತ್ತಿದ್ದ. ಚನ್ನಗಿರಿಯ ಕಾಲೇಜು ಸೇರಿದ ವರ್ಷವೇ ತಂಡದಿಂದ ಹೊರಬಿದ್ದ. ಆಮೇಲೆ ಅವನಿಗೆ ಉಳಿದದ್ದು ಸಮಾರಂಭಗಳಿಗೆ ಬೆಂಚು ಹೊರುವ ಕೆಲಸ.

ಗಾತ್ರದ ಬಗ್ಗೆ ಅವನಿಗೇ ನಾಚಿಕೆಯಿತ್ತು. ಸಂತೇಬೆನ್ನೂರಿನಿಂದ ಬರುವ ಬೆಳಗಿನ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೂರುತ್ತಿರಲಿಲ್ಲ. ಪಕ್ಕದವರಿಗೆ ಜಾಗ ಸಾಲುವುದಿಲ್ಲವೆಂದು ತಲೆ ಬಗ್ಗಿಸಿಕೊಂಡು ನಿಂತೇ ಬರುತ್ತಿದ್ದ. ಯಾರಾದರೂ ಅವನ ಕಾಲು ತುಳಿದರೆ ಇವನೇ "ಸಾರಿ ರೀ" ಅನ್ನುತ್ತಿದ್ದ.

ಅವನು ಎರಡನೇ ವರ್ಷದ ಬಿ.ಎ.ಯಲ್ಲಿದ್ದಾಗ ವಿಶ್ವವಿದ್ಯಾಲಯದವರು ಅಂತರಕಾಲೇಜು ಪಂದ್ಯಗಳಿಗೆ ಅಮೆರಿಕನ್ ಫುಟ್‌ಬಾಲ್ ಸೇರಿಸಿದರು. ಹೆಸರು ಕೊಟ್ಟದ್ದು ನಾಲ್ಕೇ ಊರಿನ ಕಾಲೇಜುಗಳು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಚನ್ನಗಿರಿಯ ದೈಹಿಕ ಶಿಕ್ಷಣ ನಿರ್ದೇಶಕರಾದ ತಿಪ್ಪೇರುದ್ರಸ್ವಾಮಿಯವರಂತೂ ಇದು ಮಾಮೂಲಿ ಫುಟ್‌ಬಾಲ್ ಎಂದುಕೊಂಡೇ ಹೆಸರು ಕೊಟ್ಟಿದ್ದರು. ವಿಶ್ವವಿದ್ಯಾಲಯದಿಂದ ಬಂದ ಸಲಕರಣೆಯ ಡಬ್ಬ ಬಿಚ್ಚಿದರೆ ಪಪ್ಪಾಯಿಯಂಥ ಚೆಂಡು, ಜಾಲರಿಯಿರುವ ಹೆಲ್ಮೆಟ್ಟುಗಳು, ಎದೆಗೂ ಭುಜಕ್ಕೂ ಕಟ್ಟುವ ಗಟ್ಟಿ ಕವಚಗಳು.

"ಇದನ್ನು ಕಾಲಲ್ಲಿ ಒದೆಯೋದೇ ಕಡಿಮೆ ಅಂತೆ," ಎಂದರು ಸ್ವಾಮಿ ಸರ್, ಮೊಬೈಲಿನಲ್ಲಿ ಒಂದಷ್ಟು ವಿಡಿಯೊ ನೋಡಿದ ಮೇಲೆ. "ಮತ್ಯಾಕೆ ಫುಟ್‌ಬಾಲ್ ಅಂತಾರೋ ನನ್ನ ಕೇಳಬೇಡಿ. ಚೆಂಡು ಹಿಡ್ಕೊಂಡು ಆ ಕೊನೆ ಗೆರೆ ದಾಟಿದ್ರೆ ಆರು ಪಾಯಿಂಟು. ದಾಟದಂಗೆ ಅವರು ಕೆಡವ್ತಾರೆ. ಇಷ್ಟೇ."

ಬೇರೆ ಆಟಗಳಲ್ಲಿ ಬೇಡವಾದವರೆಲ್ಲ ತಂಡಕ್ಕೆ ಬಂದರು. ಚೆಂಡು ಎಸೆಯುವ ಕೆಲಸ ಬಿಳಿಚೋಡಿನ ಮಾರುತೇಶನಿಗೆ ಬಿತ್ತು. ಆಳು ಕಡ್ಡಿಯಂತಿದ್ದ, ಆದರೆ ಹೊಲದಲ್ಲಿ ಗಿಳಿ ಓಡಿಸಲು ಕವಣೆ ಬೀಸಿ ಬೀಸಿ ಪಳಗಿದ ತೋಳು ಅವನದು. ಪರಶುರಾಮ ಎಂದಿನಂತೆ ಡಬ್ಬ ಹೊರಲು ಬಂದಿದ್ದ. ಸ್ವಾಮಿ ಸರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀನು ಟೈಟ್ ಎಂಡ್."

"ಅಂದ್ರೇನು ಸರ್?"

"ಸಾಲಿನ ತುದಿಗೆ ನಿಲ್ಲೋನು. ಮೊದಲು ಗೋಡೆ ಥರ ಅಡ್ಡ ನಿಂತು, ಮಾರುತೇಶನ ಮೈಮೇಲೆ ಯಾರೂ ಬೀಳದಂಗೆ ತಡಿಬೇಕು. ಆಮೇಲೆ ಅವನು ಎಸೆದ್ರೆ ಓಡಿಹೋಗಿ ಹಿಡಿಬೇಕು."

"ಎರಡೂ ಒಬ್ಬನೇ ಮಾಡಬೇಕಾ ಸರ್?"

"ನಿಮ್ಮನೇಲಿ ಅಡಿಗೆ ಮಾಡೋರು ಒಬ್ಬರು, ಬಡಿಸೋರು ಇನ್ನೊಬ್ಬರು ಅದಾರೇನಪ್ಪಾ?"

ಪರಶುರಾಮ ಕವಚ ಕಟ್ಟಿಕೊಂಡ. ಅಂದು ಸಂಜೆ ನಾಲ್ಕಾರು ಜನ ಒಟ್ಟಿಗೆ ಅವನ ಮೇಲೆ ಬಿದ್ದರು. ಅವನು ಕಣ್ಣು ಮುಚ್ಚಿ ಕಚಗುಳಿಗೆ ಕಾದ. ಬರಲೇ ಇಲ್ಲ. ಆ ಗಟ್ಟಿ ಕವಚದ ಮೇಲೆ ಯಾರ ಬೆರಳೂ ನಡೆಯಲಿಲ್ಲ. ಬಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಎಬ್ಬಿಸಿ ನಿಲ್ಲಿಸಿ, "ಸರ್, ಇನ್ನೊಂದ್ಸಲ ಆಡೋಣವಾ?" ಎಂದು ಕೇಳಿದ.

ನ್ಯಾಮತಿಯಲ್ಲಿ ಮೊದಲ ಪಂದ್ಯ. ಮಾರುತೇಶ ಬೀಸಿದ ಚೆಂಡು ಎಲ್ಲರ ತಲೆಯ ಮೇಲಿಂದ ಹಾದು ಹೋಗುತ್ತಿತ್ತು. ಪರಶುರಾಮ ಕೈ ಚಾಚಿ, ಅಟ್ಟದ ಮೇಲಿನ ಡಬ್ಬಿ ತೆಗೆದಂತೆ ಅದನ್ನು ಇಳಿಸಿಕೊಂಡ. ಹಿಡಿದ ಖುಷಿಯಲ್ಲಿ ಅಲ್ಲೇ ನಿಂತುಬಿಟ್ಟ. "ಓಡಲೇ!" ಎಂದು ಸ್ವಾಮಿ ಸರ್ ಕೂಗಿದಾಗ ಎಚ್ಚರವಾಗಿ ಹೊರಟ. ಒಬ್ಬ ಸೊಂಟಕ್ಕೆ ಜೋತುಬಿದ್ದ, ಇನ್ನೊಬ್ಬ ಕಾಲಿಗೆ. "ಬಿಡ್ರಿ ಅಣ್ಣ, ಸರ್ ಬೈತಾರೆ," ಅನ್ನುತ್ತಲೇ ಇಬ್ಬರನ್ನೂ ಎಳೆದುಕೊಂಡು ಗೆರೆ ದಾಟಿದ. ಆ ದಿನ ಮೂರು ಸಲ ಹಾಗೇ ದಾಟಿದ. ಚನ್ನಗಿರಿ ಗೆದ್ದಿತು.

ತೊಂದರೆ ಶುರುವಾದದ್ದು ಮಾರನೇ ದಿನದ ಪತ್ರಿಕೆಯಿಂದ. "ನ್ಯಾಮತಿಯಲ್ಲಿ ಟೈಟ್ ಎಂಡ್ ಪರಶುರಾಮ್ ಆರ್ಭಟ" ಎಂದು ಸುದ್ದಿ ಬಂದಿತ್ತು. ಸಂತೇಬೆನ್ನೂರಿನ ಟೀ ಅಂಗಡಿಯ ಪಾಪಣ್ಣ ಅದರಲ್ಲಿ ತನಗೆ ಅರ್ಥವಾದಷ್ಟನ್ನು ಪರಶುರಾಮನ ತಾಯಿ ಹೊನ್ನೂರಮ್ಮನಿಗೆ ಹೇಳಿದ.

"ಅಕ್ಕಾ, ನಿಮ್ಮ ಪರಸು ಪೇಪರ್‌ನಾಗೆ ಬಂದಾನೆ."

"ಏನಂತ?"

"ನ್ಯಾಮತಿಗೆ ಹೋಗಿ ಟೈಟ್ ಆಗಿದ್ನಂತೆ. ಆರ್ಭಟ ಮಾಡ್ಯಾನಂತೆ."

ಹೊನ್ನೂರಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು, ಕಿರಾಣಿ ಅಂಗಡಿಯಲ್ಲಿ ಕದ್ದು ಮಾರುತ್ತಿದ್ದ ಮದ್ಯದ ಪ್ಯಾಕೆಟ್ಟುಗಳನ್ನು ನಿಲ್ಲಿಸಿದವರು ಅವರೇ. ಸಂಜೆ ಮಗ ಹೊಸ್ತಿಲು ತುಳಿಯುತ್ತಿದ್ದಂತೆ, "ಬಾಯಿ ತೆಗಿ," ಎಂದರು. ತೆಗೆದ. ಮೂಸಿ ನೋಡಿದರು. ಮಂಡಕ್ಕಿ, ಮಿರ್ಚಿಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

"ವಾಸನೆ ಬರದಂಗೆ ಮಿರ್ಚಿ ತಿಂದು ಬಂದೀಯ." ಗೋಡೆಯ ಮೇಲಿನ ಬುದ್ಧನ ಪಟದ ಕಡೆ ಕೈ ತೋರಿಸಿದರು. "ಅಲ್ಲಿ ನೋಡ್ಕೊಂಡು ಹೇಳು. ಐದನೇ ಶೀಲ ಏನು?"

"ಮದ್ಯಪಾನ ಮಾಡಬಾರದು. ಅವ್ವಾ, ಟೈಟ್ ಎಂಡ್ ಅನ್ನೋದು ನಾನು ನಿಲ್ಲೋ ಜಾಗದ ಹೆಸರು!"

"ಯಾವ ಜಾಗ? ಬಾರಾ?"

ತಂಗಿ ಯಶೋಧರಾ ನಗು ತಡೆಯಲಾರದೆ ಹಿತ್ತಲಿಗೆ ಓಡಿದಳು. ಅವನು ಎಷ್ಟು ಬಿಡಿಸಿ ಹೇಳಿದರೂ ತಾಯಿ ನಂಬಲಿಲ್ಲ. ಮಾರನೇ ದಿನ ಅಡುಗೆ ಮುಗಿಸಿ ಬಸ್ಸು ಹತ್ತಿ ಕಾಲೇಜಿಗೇ ಬಂದರು. ಮೈದಾನದಲ್ಲಿ ಮಗ ನೆಲಕ್ಕೆ ಬಿದ್ದಿದ್ದ. ಅವನ ಮೇಲೆ ತಂಡದ ಅರ್ಧ ಜನ ಬಿದ್ದಿದ್ದರು. ಹೊನ್ನೂರಮ್ಮ ಸೆರಗು ಸಿಕ್ಕಿಸಿಕೊಂಡು ನುಗ್ಗಿ, ಮೇಲಿದ್ದವರನ್ನು ಅಂಗಿ ಹಿಡಿದು ಎಳೆದು ಹಾಕತೊಡಗಿದರು.

"ಒಬ್ಬನ ಮೇಲೆ ಇಷ್ಟು ಜನ ಬೀಳಾಕೆ ನಾಚಿಕೆ ಆಗಲ್ವೇನ್ರೋ?"

"ಅಮ್ಮಾ, ಆಟ ಇರೋದೇ ಹಂಗೆ!" ಸ್ವಾಮಿ ಸರ್ ಓಡಿಬಂದು, ಅವರನ್ನು ಬೇವಿನ ಮರದ ಕೆಳಗೆ ಕೂರಿಸಿ ಎಲ್ಲ ಹೇಳಿದರು. ಅರ್ಧ ನಂಬಿ ಅರ್ಧ ನಂಬದೆ ಅವರು ಅಭ್ಯಾಸ ನೋಡುತ್ತ ಕೂತರು. ಅಷ್ಟರಲ್ಲಿ ಮಾರುತೇಶ ಚೆಂಡು ಎಸೆದ. ಯಾವಾಗಲೂ ಹೆಗಲು ಕುಗ್ಗಿಸಿಕೊಂಡೇ ಇರುತ್ತಿದ್ದ ಮಗ ಎದೆ ಸೆಟೆಸಿ ಓಡಿದ, ನೆಗೆದ, ಒಂದೇ ಕೈಯಲ್ಲಿ ಚೆಂಡು ಹಿಡಿದ.

ಹೊನ್ನೂರಮ್ಮ ಎದ್ದು ನಿಂತರು. "ಇವನು ಇಷ್ಟುದ್ದ ಅದಾನೆ ಅಂತ ನನಗೇ ಗೊತ್ತಿರ್ಲಿಲ್ಲ ಸರ್," ಎಂದರು. "ಆಡ್ಲಿ ಬಿಡ್ರಿ. ಆದ್ರೆ ಪೇಪರ್‌ನೋರಿಗೆ ಹೇಳಿ ಆ ಟೈಟ್ ಅನ್ನೋದನ್ನ ತೆಗೆಸ್ರಿ."

ಸ್ವಾಮಿ ಸರ್ ಹೇಳಿಸಿದರು. ಅಂದಿನಿಂದ ಪತ್ರಿಕೆಯಲ್ಲಿ "ತುದಿಯಾಳು ಪರಶುರಾಮ್" ಎಂದು ಬರತೊಡಗಿತು.

ಫೈನಲ್ ಜಗಳೂರಿನಲ್ಲಿ, ಹೊನ್ನಾಳಿಯ ಮೇಲೆ. ಹೊನ್ನೂರಮ್ಮ ಟೆಂಪೊ ಮಾಡಿಸಿಕೊಂಡು ಬೀದಿಯ ಹೆಂಗಸರನ್ನೆಲ್ಲ ಕರೆತಂದಿದ್ದರು. ಮೊದಲ ಸಲ ಚೆಂಡು ಹಿಡಿದು ಪರಶುರಾಮ ನಾಲ್ಕು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಹಿಂದಿನಿಂದ ಒಂದು ಕೈ ಬಂದು ಕವಚದ ಅಡಿಗೆ ತೂರಿ ಸರಿಯಾಗಿ ಕಂಕುಳಿಗೇ ಬೆರಳಿಟ್ಟಿತು. ಅವನು ಹೋ ಎಂದು ನಕ್ಕ. ಎತ್ತಿ ಹಿಡಿದಿದ್ದ ಚೆಂಡು ಕೆಳಗೆ ಬಿತ್ತು. ತಿರುಗಿ ನೋಡಿದರೆ ಬಂಗಾರಪ್ಪ. ಚನ್ನಗಿರಿಯ ಕಬಡ್ಡಿ ತಂಡದಲ್ಲಿ ಜೊತೆಗಿದ್ದು ಆಮೇಲೆ ಹೊನ್ನಾಳಿಯ ಕಾಲೇಜಿಗೆ ಹೋದವನು.

"ಮರೆತಿಲ್ಲ ಕಣೋ ಪರಸು," ಎಂದು ಹಲ್ಲು ಕಿರಿದ.

ಎರಡನೇ ಸಲವೂ ಹಾಗೇ ಆಯಿತು. ಸ್ವಾಮಿ ಸರ್ ರೆಫರಿಯ ಹತ್ತಿರ ಹೋಗಿ ಜಗಳ ತೆಗೆದರು. ರೆಫರಿ ಮೊಬೈಲಿನಲ್ಲಿ ನಿಯಮಗಳನ್ನೆಲ್ಲ ಹುಡುಕಿ, "ಕಚಗುಳಿ ಇಡಬಾರದು ಅಂತ ಎಲ್ಲೂ ಇಲ್ಲ ಸರ್," ಎಂದರು.

ವಿರಾಮದಲ್ಲಿ, ಕಾಲಲ್ಲಿ ಒದ್ದು ಗಳಿಸಿದ ಬಿಡಿ ಪಾಯಿಂಟುಗಳೂ ಸೇರಿ ಹೊನ್ನಾಳಿ ನಾಲ್ಕು ಪಾಯಿಂಟು ಮುಂದಿತ್ತು. ಪರಶುರಾಮ ಹೆಲ್ಮೆಟ್ಟು ತೆಗೆದು, ಮತ್ತೆ ಬೆಂಚು ಹೊರುವ ದಿನಗಳೇ ಬಂದವು ಎಂಬಂತೆ ತಲೆ ತಗ್ಗಿಸಿ ಕೂತ. ಮಾರುತೇಶ ಪಕ್ಕದಲ್ಲಿ ಬಂದು ಕೂತ.

"ಕಚಗುಳಿ ಆದಾಗ ನಿನಗೆ ಹೆಂಗಾಗ್ತೈತೆ, ಸರಿಯಾಗಿ ಹೇಳು."

"ಮೈಯೆಲ್ಲ ಮುದುಡ್ಕೊಂತೈತೆ. ಕೈ ಪಕ್ಕೆಗೆ ಅಂಟ್ಕೊಂಬಿಡ್ತಾವೆ, ಬಿಡಿಸಾಕೇ ಬರಲ್ಲ." ಹೇಳುತ್ತ ಹೇಳುತ್ತ ಪರಶುರಾಮನೇ ತಡೆದು, ತನ್ನ ತೋಳನ್ನು ನೋಡಿಕೊಂಡ. "ಮಾರುತೇಶ, ಚೆಂಡು ಮೊದಲೇ ಕಂಕುಳಲ್ಲಿದ್ರೆ?"

ಹೊನ್ನಾಳಿಯ ಮುನ್ನಡೆ ಹಾಗೇ ಉಳಿದಿತ್ತು. ಕೊನೆಯ ನಿಮಿಷಗಳಲ್ಲಿ ಅವಕಾಶ ಸಿಕ್ಕಾಗ ಮಾರುತೇಶ ಚೆಂಡನ್ನು ಮೇಲಕ್ಕೆ ಬೀಸದೆ ಎದೆಮಟ್ಟಕ್ಕೆ ಎಸೆದ. ಪರಶುರಾಮ ಹಿಡಿದವನೇ ಕಂಕುಳಿಗೆ ತುರುಕಿದ. ಬಂಗಾರಪ್ಪ ಎಂದಿನಂತೆ ಬೆರಳು ತೂರಿಸಿದ. ಪರಶುರಾಮ ಕೇಕೆ ಹಾಕಿ ನಕ್ಕ, ತೋಳು ಇಕ್ಕಳದಂತೆ ಬಿಗಿಯಿತು. ಚೆಂಡಿನ ಜೊತೆಗೆ ಬಂಗಾರಪ್ಪನ ಕೈಯೂ ಒಳಗೇ ಸಿಕ್ಕಿಕೊಂಡಿತು.

"ಬಿಡೋ, ಕೈ ಬಿಡೋ!"

"ನೀನು ಬಿಡೋ ಮೊದ್ಲು, ಹಹ್ಹಹ್ಹಾ, ಬೇಡ್ವೋ!"

ಕಣ್ಣಲ್ಲಿ ನೀರು ಬರುವಂತೆ ನಗುತ್ತ, ಬಂಗಾರಪ್ಪನನ್ನು ಪಕ್ಕಕ್ಕೆ ನೇತುಹಾಕಿಕೊಂಡು, ಪರಶುರಾಮ ಅಡ್ಡಾದಿಡ್ಡಿ ಓಡಿ ಗೆರೆಯಾಚೆ ಬಿದ್ದ. ಪಕ್ಕದಲ್ಲಿ ಬಿದ್ದ ಬಂಗಾರಪ್ಪನೂ ನಗತೊಡಗಿದ. ಹೆಂಗಸರ ಕೇಕೆಗೆ ಪಂದ್ಯ ಮುಗಿದ ಸೀಟಿಯೇ ಯಾರಿಗೂ ಕೇಳಿಸಲಿಲ್ಲ. ಚನ್ನಗಿರಿ ಎರಡು ಪಾಯಿಂಟಿನಿಂದ ಗೆದ್ದಿತ್ತು.

ಆ ಪಂದ್ಯ ನೋಡಲು ಬಂದಿದ್ದ ಆಯ್ಕೆಗಾರರು ಪರಶುರಾಮನನ್ನು ವಿಶ್ವವಿದ್ಯಾಲಯದ ತಂಡಕ್ಕೆ ಆರಿಸಿದರು. ಬಂಗಾರಪ್ಪ, ಮಾರುತೇಶರೂ ಆಯ್ಕೆಯಾದರು. ಚಳಿಗಾಲದಲ್ಲಿ ಮೂವರೂ ಅಖಿಲ ಭಾರತ ಪಂದ್ಯಾವಳಿಗೆಂದು ಪಂಜಾಬಿಗೆ ರೈಲು ಹತ್ತಿದರು. ಅಲ್ಲಿನ ಹುಡುಗರ ಮಧ್ಯೆ ನಿಂತಾಗ ಪರಶುರಾಮ ದೊಡ್ಡವನಾಗಿಯೇ ಕಾಣಲಿಲ್ಲ. ಅದೇ ಅವನಿಗೆ ಹಬ್ಬ. ಯಾರಿಗೂ ಸಾರಿ ಹೇಳದೆ ಮನಸಾರೆ ಗುದ್ದಾಡಿದ. ಎರಡು ಪಂದ್ಯ ಗೆದ್ದು ಮೂರನೆಯದರಲ್ಲಿ ತಂಡ ಸೋತಿತು. ಆದರೆ ಇಡೀ ಪಂದ್ಯಾವಳಿಯಲ್ಲಿ ಅವನ ಕಡೆ ಬಂದ ಒಂದು ಚೆಂಡೂ ನೆಲ ಮುಟ್ಟಿರಲಿಲ್ಲ. ಅತ್ಯುತ್ತಮ ಟೈಟ್ ಎಂಡ್ ಎಂದು ಮೈಕಿನಲ್ಲಿ ಅವನ ಹೆಸರು ಕೂಗಿದರು.

ಭಾನುವಾರ ಮಧ್ಯಾಹ್ನ ತಾವು ಇಳಿದುಕೊಂಡಿದ್ದ ಹಾಸ್ಟೆಲಿನ ಮೆಟ್ಟಿಲ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಮನೆಗೆ ಫೋನ್ ಮಾಡಿದ.

"ಗೆದ್ರೇನೋ?" ಎಂದರು ಹೊನ್ನೂರಮ್ಮ.

"ಇಲ್ಲವ್ವ, ಸೋತ್ವಿ."

"ಮತ್ತೆ ನಿನ್ನ ದನಿ ಯಾಕೆ ಇಷ್ಟು ಖುಷಿಯಾಗೈತೆ?"

"ನಾನು ಭಾಳ ಚೆನ್ನಾಗಿ ಆಡ್ದೆ ಅವ್ವ."

ತನ್ನ ಬಗ್ಗೆ ಅಂಥ ಮಾತನ್ನು ಅವನು ಯಾವತ್ತೂ ಆಡಿರಲಿಲ್ಲ. ಆ ಕಡೆಯಿಂದ ಪಾತ್ರೆಗಳ ಸದ್ದು ನಿಂತಿತು.

"ತಡಿ, ಸ್ಪೀಕರ್ ಹಾಕ್ತೀನಿ," ಎಂದರು ಹೊನ್ನೂರಮ್ಮ. "ಇಲ್ಲಿ ಬೀದಿಯೋರು ಎಲ್ರೂ ಅದಾರೆ. ಇನ್ನೊಂದ್ಸಲ ಹೇಳು, ಜೋರಾಗಿ."