ರುಕ್ಮಿಣಿಬಾಯಿಯ ಬೀಳ್ಕೊಡುಗೆ ಹಾಡು

ನಾಟಕದವರ ಮನೆಯಲ್ಲಿ ಹುಟ್ಟಿದವನಿಗೆ ಸಿನಿಮಾದ ಹುಚ್ಚು ಹಿಡಿದರೆ ದೇವರೇ ಗತಿ. ಕಾರವಾರದ ರಾಮನಾಥನಿಗೆ ಹಿಡಿದದ್ದು ಅದೇ. ಅಪ್ಪನ ಕಂಪನಿ ಆಡುತ್ತಿದ್ದ ಸಂಗೀತ ನಾಟಕಗಳನ್ನು ಒಂದೊಂದಾಗಿ ತೆರೆಗೆ ತರುತ್ತೇನೆಂದು ಹೊರಟ. ಮೊದಲನೆಯದಕ್ಕೆ ರಂಗದ ಮುಂದೆ ಕ್ಯಾಮೆರಾ ನೆಟ್ಟು ಸುಮ್ಮನೆ ಕೂತ. ಜನ ಅರ್ಧಕ್ಕೇ ಎದ್ದು ಹೋದರು. ಎರಡನೆಯದಕ್ಕೆ ಮುಂಬೈ ಗಾಯಕಿಯಿಂದ ಹಾಡಿಸಿ ನಟಿಯ ತುಟಿ ಕುಣಿಸಿದ. ‘ಬಾಯಿ ಕಾರವಾರದ್ದು, ದನಿ ಮುಂಬೈದು’ ಎಂದು ಊರ ಬಂದರು ಬೈತಖೋಲದ ಮೀನು ಹರಾಜಿನಲ್ಲೂ ನಗಾಡಿದರು. 2004ರ ಈ ಮೂರನೆಯದರಲ್ಲಿ ಆಡುವವರೇ ಹಾಡಬೇಕು, ಹಾಡಿದ್ದನ್ನು ಅಲ್ಲೇ ಹಿಡಿಯಬೇಕು ಎಂದು ಹಟ ತೊಟ್ಟಿದ್ದ. ಇದೂ ಬಿದ್ದರೆ ಅವನ ಕೈಗೆ ಇನ್ನೊಂದು ನಾಟಕ ಕೊಡುವವರು ಯಾರೂ ಇರಲಿಲ್ಲ.

ಉಳಿದದ್ದು ಒಂದೇ ಹಾಡು, ಕೊನೆಯ ಬೀಳ್ಕೊಡುಗೆಯದು. ಹಾಡಬೇಕಾದವಳು ರುಕ್ಮಿಣಿಬಾಯಿ. ಬೈತಖೋಲದ ಮೀನುಗಾರರ ಮನೆಯ ಹೆಂಗಸು. ಬೆಳಿಗ್ಗೆ ಹರಾಜಿನಲ್ಲಿ ಕೂಗಿ, ಸಂಜೆ ಅಪ್ಪನ ಕಂಪನಿಯ ರಂಗದ ಮೇಲೆ ರಾಣಿಯಾಗುತ್ತಿದ್ದವಳು. ಆ ಗಂಟಲಲ್ಲಿ ಈಗ ಗಂಟು ಬೆಳೆದಿತ್ತು. ಹಾಡು ಹಿಡಿಯುವ ಮಾರನೆಯ ದಿನವೇ ಮಣಿಪಾಲದಲ್ಲಿ ಆಪರೇಷನ್. ಆಮೇಲೆ ಮಾತು ಉಳಿದೀತು, ಹಾಡಿನ ಆಸೆ ಬಿಡಿ, ಅಲ್ಲಿಯವರೆಗೆ ಆಯಾಸ ಮಾಡಿಕೊಂಡರೆ ಮಾತೂ ಹೋದೀತು ಎಂದಿದ್ದರು ಡಾಕ್ಟರು.

“ಮಾಮಾ, ಒಂದೇ ಸಲ,” ಎಂದು ಅವಳ ಮಗಳು ಮನಿಷಾ ರಾಮನಾಥನಿಂದ ಮಾತು ತೆಗೆದುಕೊಂಡಿದ್ದಳು. “ಇನ್ನೊಮ್ಮೆ ಅಂತ ನಿಮ್ಮ ಬಾಯಿಂದ ಬಂದ್ರೆ ಆಯೀನ ಎಬ್ಬಿಸ್ಕಂಡು ಹೋಗ್ತೆ.”

ಅಂಕೋಲೆಯ ಸಭಾಂಗಣದಲ್ಲಿ ಮಧ್ಯಾಹ್ನವೇ ದೀಪ ಹೊತ್ತಿಸಿದರು. ಹುಬ್ಬಳ್ಳಿಯಿಂದ ಬಂದ ಧ್ವನಿಮುದ್ರಣದ ಕಿಶನ, ಹಾಡುವವಳ ಎದುರಿಗೆ ಮೈಕಿಟ್ಟು, ತಂತಿ ನೋಡಿ, ಚಹಾ ಕುಡಿಯಲು ಹೊರಗೆ ಹೋದ. ಪೇಟಿ ನುಡಿಸುವವನು ರಾಮನಾಥನೇ, ಅಪ್ಪನ ಕಾಲದ ಹಾರ್ಮೋನಿಯಂ. ಕಂಪನಿಯ ಪದ್ಧತಿಯಂತೆ ಪೇಟಿಗೆ, ತಬಲಾಕ್ಕೆ ಕುಂಕುಮ ಹಚ್ಚಿ ಹೂ ಏರಿಸಿದ. ಪಕ್ಕದಲ್ಲಿ ಮೈಕು ಬೋಳಾಗಿ ನಿಂತಿತ್ತು. ಅದೂ ದನಿ ಹೊರುವುದೇ ಅಲ್ಲವೇ! ಅದರ ಕೊರಳಿಗೂ ಒಂದು ಅಬ್ಬಲಿ ಹೂವಿನ ದಂಡೆ ಹಾಕಿ ಕೈ ಮುಗಿದ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

“ಏನೇ ಆದ್ರೂ ಯಾರೂ ನಿಲ್ಲಿಸೂಕಾಗ,” ಎಂದು, ಚಹಾ ಮುಗಿಸಿ ಓಡಿ ಬಂದು ಮೂಲೆಯ ಯಂತ್ರದ ಮುಂದೆ ಕೂತ ಕಿಶನನೂ ಸೇರಿ ಎಲ್ಲರಿಗೂ ತಾಕೀತು ಮಾಡಿದ.

ರುಕ್ಮಿಣಿಬಾಯಿ ಹಾಡಿದಳು. ಅಬ್ಬಬ್ಬಾ, ಏನು ಹಾಡು! ಗಂಟು ಎಲ್ಲಿ ಅಡಗಿತ್ತೋ. ಕ್ಯಾಮೆರಾದವನೂ ಕಣ್ಣೊರೆಸಿಕೊಂಡ. ಕಿಶನ ಮಾತ್ರ ಕಿವಿಯ ಹೆಡ್‌ಫೋನ್ ಒತ್ತಿ ಹಿಡಿದು ಬೆವರುತ್ತಿದ್ದ.

ಹಾಡು ಮುಗಿದ ಮೇಲೆ ಅವನು ರಾಮನಾಥನ ಕಿವಿಯಲ್ಲಿ ಹೇಳಿದ: “ಸರ್, ಮೈಕಿಗೆ ಹೂವಿನ ದಂಡಿ ಯಾರ್ ಹಾಕ್ಯಾರ? ನೀವು ಪೇಟಿ ಒತ್ತಿದಾಗೆಲ್ಲ ಅದರ ಗಾಳಿಗೆ ದಂಡಿ ಅಲುಗಿ ಬರೇ ಕರಕರ. ನೀವೇ ನಿಲ್ಲಿಸಬ್ಯಾಡ ಅಂದಿದ್ರಿ.”

ರಾಮನಾಥ ಮೈಕಿನ ಕಡೆ ತಿರುಗಿ ನೋಡಿದ. ತನ್ನ ಕೈಯಾರೆ! ಯಾರನ್ನು ಬೈಯುವುದು? ಇನ್ನೊಮ್ಮೆ ಎನ್ನುವುದಿಲ್ಲವೆಂದು ಮಾತು ಕೊಟ್ಟಾಗಿದೆ. ಎನ್ನದಿದ್ದರೆ ಚಿತ್ರವಿಲ್ಲ, ಈ ದನಿಯೂ ಎಲ್ಲಿಯೂ ಉಳಿಯುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವನು ಮನಿಷಾಳ ಮುಖ ನೋಡಿದ. ಅವಳು ಅಮ್ಮನಿಗೆ ಬಿಸಿನೀರು ಕುಡಿಸುತ್ತಿದ್ದಳು.

“ಚಲೋ ಬಂತು ರುಕ್ಮಕ್ಕ,” ಎಂದ. “ನೀನಿನ್ನು ಹೊರಡು.”

“ಹೊರಡ್ತೆ ಮಾರಾಯಾ. ಚಾಕು ಹಾಕೂಕೆ ಮುಂಚೆ ನನ್ನ ಹಾಡು ನಾ ಒಮ್ಮೆ ಕೇಳ್ತೆ. ಕೊಡು ಆ ಹೆಡ್‌ಫೋನ್.”

“ಈಗ ಬೇಡ. ಹೊತ್ತಾಗ್ತದೆ.”

ಅವಳು ಅವನ ಮುಖವನ್ನೇ ದಿಟ್ಟಿಸಿದಳು. ಕಂಪನಿಯಲ್ಲಿ ಅವನನ್ನು ಎತ್ತಿ ಆಡಿಸಿದವಳು. ಅವನ ಸುಳ್ಳು ಅವಳಿಗೆ ಹೊಸದಲ್ಲ. ಕಿಶನನ ಕೈಯಿಂದ ಹೆಡ್‌ಫೋನ್ ಕಿತ್ತು ಕಿವಿಗೆ ಹಾಕಿಕೊಂಡಳು. ಅರ್ಧ ಕೇಳಿ ತೆಗೆದಿಟ್ಟಳು.

“ಇನ್ನೊಮ್ಮೆ ಹಾಡ್ತೆ. ಪೇಟಿ ಹಚ್ಚು.”

“ಬೇಡ ಅಕ್ಕ! ತಪ್ಪು ನಂದು. ಚಿತ್ರ ಹಾಳಾಗಿ ಹೋಗ್ಲಿ. ಪ್ಯಾಕಪ್!” ಅವನು ನಿಜಕ್ಕೂ ಕೂಗಿದ.

“ಪ್ಯಾಕಪ್ ಅಂಬೂಕೆ ನೀನ್ಯಾರೋ?” ರುಕ್ಮಿಣಿಬಾಯಿ ಹರಾಜಿನಲ್ಲಿ ನಿಂತವಳಂತೆ ಸೊಂಟಕ್ಕೆ ಕೈಯಿಟ್ಟಳು. “ಡಾಕ್ಟರು ಬೇಡ ಅಂದ್ರು, ಮಗಳು ಬೇಡ ಅಂದ್ಲು, ಈಗ ನೀನು. ದನಿ ಯಾರದ್ದು? ನಂದಲ್ವ? ಹೋಗೂದಾದ್ರೆ ಹಾಡ್ತಾ ಹೋಗ್ಲಿ.”

ಎಲ್ಲರೂ ಮನಿಷಾಳನ್ನು ನೋಡಿದರು. ಅವಳ ಕಣ್ಣು ತುಂಬಿತ್ತು. ರಾಮನಾಥನನ್ನು ಸುಟ್ಟುಬಿಡುವಂತೆ ನೋಡಿದಳು. ಆಮೇಲೆ ಎದ್ದು ಹೋಗಿ, ರಸ್ತೆಯ ಕಡೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚತೊಡಗಿದಳು.

“ಲಾರಿ ಸದ್ದು ಬರ್ತದೆ,” ಎಂದಳು. “ಈ ಸಲನಾದ್ರೂ ಸಮಾ ಹಿಡೀರಿ.”

ಕಿಶನ ದಂಡೆ ತೆಗೆದ. ರಾಮನಾಥ ಪೇಟಿಗೆ ಕೂತ. ಮೊದಲ ನುಡಿ ದಾಟಿತು, ಎರಡನೆಯದೂ ದಾಟಿತು. ಕೊನೆಯ ಸಾಲಿಗೆ ಏರುವಾಗ ಅವಳ ದನಿ ಒಡೆಯಿತು. ಗಾಯಕಿಯ ದನಿ ಕೈಕೊಟ್ಟರೆ ಪೇಟಿ ಜೋರು ಮಾಡಿ ಮುಚ್ಚುವುದು ಕಂಪನಿಯಲ್ಲಿ ಅಪ್ಪ ಕಲಿಸಿದ ಪಾಠ. ಅವನ ಕೈ ತಾನಾಗಿ ಒತ್ತಿತು. ರುಕ್ಮಿಣಿಬಾಯಿ ಹಾಡುತ್ತಲೇ ಅವನತ್ತ ತಿರುಗಿ ತಲೆಯಾಡಿಸಿದಳು, ಬೇಡ.

ಅವನು ಪೇಟಿ ನಿಲ್ಲಿಸಿದ. ಒಡೆದ ದನಿಯೊಂದೇ ಕೊನೆಯ ಸಾಲನ್ನು ಪೂರ್ತಿ ಹಾಡಿತು.