ಖಾಲಿ ಜಾಗದ ಗ್ರೂಪ್ ಫೋಟೋ

ರಾಮನಗರದಲ್ಲಿ ನನ್ನಂಥ ಫೋಟೋಗ್ರಾಫರ್ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ನಾನು ಕ್ಯಾಮೆರಾ ಎತ್ತಿದರೆ ರಾಮದೇವರ ಬೆಟ್ಟವೇ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತದೆ.

ಇಂಥ ನನ್ನನ್ನು ಸರ್ವೆ ಸಾಹೇಬನೊಬ್ಬ ಮುಚ್ಚಿಹೋದ ರೇಷ್ಮೆ ನೂಲಿನ ಕಾರ್ಖಾನೆಯ ಹಿಂದಕ್ಕೆ ಕರೆದೊಯ್ದ. ಆಗ ನಮ್ಮೂರಲ್ಲಿ ಒಬ್ಬ ಕೆಮ್ಮಿದರೆ ಒಂದು ಕಾರ್ಖಾನೆಗೆ ಬೀಗ ಬೀಳುತ್ತಿತ್ತು. ಗಂಡಸರೆಲ್ಲ ಕೂಲಿ ಹುಡುಕಿ ಬೆಳಗಿನ ಬಸ್ಸಿಗೆ ಬಿಡದಿ, ಹಾರೋಹಳ್ಳಿ ಪಾಲು. ತಗಡಿನ ಮನೆಗಳ ಸಾಲಿನಲ್ಲಿ ಹಗಲೆಲ್ಲ ಇರುತ್ತಿದ್ದವರು ಆ ಕಾರ್ಖಾನೆಯಲ್ಲಿ ನೂಲು ತೆಗೆಯುತ್ತಿದ್ದ ಹೆಂಗಸರು. ಕುದಿನೀರಲ್ಲಿ ರೇಷ್ಮೆಗೂಡು ಆಡಿಸಿ ಅವರ ಬೆರಳು ಬಿಳಿಚಿ ಬಿರಿದಿದ್ದವು.

"ಫೋಟೋ ಹಕ್ಕುಪತ್ರಕ್ಕಾ ಸ್ವಾಮಿ?" ಎಂದಳು ಹಿರಿಯಳು ಸಿದ್ದಮ್ಮ.

"ಹೂಂ, ಅಂಗೇ ಅಂದ್ಕೊಳಮ್ಮ. ಒಸಿ ಚೊಕ್ಕ ಮಾಡಿ," ಎಂದ ಸಾಹೇಬ.

ಫೋಟೋ ಎಂದರೆ ಅಂಗಳ ಚೆಂದ ಕಾಣಬೇಡವೇ? ಗುಡಿಸಿದರು. ಬಟ್ಟೆಯ ಹಗ್ಗ ಬಿಚ್ಚಿದರು. ಒಲೆ, ಕೊಡ, ಮೇಕೆ ಎಲ್ಲವನ್ನೂ ಒಳಗಿಟ್ಟರು. ಸಾಹೇಬ ನನ್ನನ್ನು ಮನೆಗಳಿಗೆ ಬೆನ್ನು ಮಾಡಿ ನಿಲ್ಲಿಸಿದ. ಕ್ಲಿಕ್.

ಆ ಹೆಂಗಸರಲ್ಲೊಬ್ಬಳು, ಮುನವ್ವರಾ, ಕ್ಯಾಮೆರಾದೊಳಗೆ ಇಣುಕಿದಳು. "ಅಣ್ಣಾ, ಇದ್ರಲ್ಲಿ ನಮ್ ಮನೆ ಎಲ್ಲೈತೆ?"

"ಕ್ಯಾಮೆರಾ ಹಿಂದೆ."

"ನಾವು?"

"ನೀವೂ ಹಿಂದೇನೇ."

ಅತ್ತ ಸಾಹೇಬ ಫೋನಿನಲ್ಲಿ ನಗುತ್ತಿದ್ದ: "ಜಾಗ ಪೂರಾ ಖಾಲಿ ಸಾರ್, ಫೋಟೋನೇ ಐತೆ. ನಾಳೆನೇ ಬೇಲಿ ಹಾಕ್ಸಿ."

ಸಿದ್ದಮ್ಮ ಪೊರಕೆ ಕೆಳಗಿಟ್ಟಳು. "ಮುನವ್ವರಾ, ಎಲ್ಲಾರ್ನೂ ಕೂಗೇ. ಮದ್ವೆ ಸೀರೆ ಉಟ್ಕಂಡ್ ಬರ್ಲಿ."

"ಆ ಕಡೆಯಿಂದ ಇನ್ನೊಂದು ತೆಗಿ," ಎಂದ ಸಾಹೇಬ. ಆ ಕಡೆ ತಿರುಗಿದೆ, ಜರಿ ಸೀರೆ. ಈ ಕಡೆ ತಿರುಗಿದೆ, ಒಲೆ ಹೊತ್ತ ಮುನವ್ವರಾ. ಆ ಮೂವತ್ತು ಮನೆಯಿಂದ ಮೂರು ಲಕ್ಷ ಜನ ಬಂದರು. ಸುಳ್ಳಾದರೆ ನನ್ನ ಲೆನ್ಸ್ ಒಡೆಯಲಿ.

"ಅಡ್ಡ ಬರ್ಬ್ಯಾಡ್ರಮ್ಮ, ಸರೀರಿ!"

"ಜಾಗ ಖಾಲಿ ಅಂದ್ರಲ್ಲ ಸ್ವಾಮಿ? ಇಲ್ದೇ ಇರೋರು ಅಡ್ಡ ಎಂಗ್ ಬಂದೇವು?"

ಸಾಹೇಬ ಅವರನ್ನು ದೂಡಲು ನುಗ್ಗಿದ. ಸಿದ್ದಮ್ಮ ಅವನ ರಟ್ಟೆ ಹಿಡಿದು ಮನೆಗಳ ಮುಂದೆ, ನಟ್ಟನಡುವೆ, ಮದುಮಗನ ಹಾಗೆ ಕುರ್ಚಿಯಲ್ಲಿ ಕೂರಿಸಿದಳು. ಎರಡೂ ಪಕ್ಕ ಹೆಂಗಸರು ಒತ್ತಿ ನಿಂತರು.

"ಅಣ್ಣಾ, ಹೊಡಿ!"

ಹೊಡೆದೆ. ಜೀವನದಲ್ಲೇ ಅಷ್ಟು ಚೊಕ್ಕ ಫೋಟೋ ಬಿದ್ದಿಲ್ಲ. ಮೊದಲು ತೆಗೆದ ಖಾಲಿ ಜಾಗದ ಫೋಟೋವನ್ನು ಸಾಹೇಬನ ಕಣ್ಣೆದುರೇ ಅಳಿಸಿದೆ.

ಮಾರನೆಯ ದಿನ ಒಂದು ಪ್ರತಿ ಜಿಲ್ಲಾ ಕಚೇರಿಗೆ ಹೋಯಿತು. ಇನ್ನೊಂದು, ಬಾಗಿಲಷ್ಟು ದೊಡ್ಡದು, ಕಾರ್ಖಾನೆ ಗೇಟಿಗೆ ಅಂಟಿತು. ಬೇಲಿಯ ತಂತಿ ಹೊತ್ತ ಲಾರಿಯೊಂದಿಗೆ ಬಂದ ಸಾಹೇಬ ಅದನ್ನು ಕಂಡು ಬೆವತ.

"ತೆಗೀರಮ್ಮ ಅದನ್ನ!"

ಸಿದ್ದಮ್ಮ ಗೇಟಿಗೆ ಅಡ್ಡ ನಿಂತಳು. ಅವಳ ಹಿಂದೆ ಎಲ್ಲರೂ ನಿಂತರು.

"ತೆಗೀತೀವಿ ಸ್ವಾಮಿ. ಖಾಲಿ ಜಾಗ್ದಲ್ಲಿ ಯಾರ್ ಜತೆ ಕುಂತಿದ್ರಿ, ಮೊದ್ಲು ಅದ್ ಹೇಳಿ."